ಹಬ್ಬದೂಟಕ್ಕೆ ಹೋದ ಆಪ್ತ ಸಮಾಲೋಚಕರು

ಮೊರಾವಾ ಹೊಳೆದಂಡೆಯ ನಮ್ಮ ಪೇಟೆಯಲ್ಲಿ ತಿಹೋಮಿರ್ ಅವರನ್ನು ಎಲ್ಲರೂ ‘ಡಾಕ್ಟ್ರೇ’ ಎಂದೇ ಕರೆಯುತ್ತಾರೆ. ಅವರು ಡಾಕ್ಟರಲ್ಲ, ಆರೋಗ್ಯ ಕೇಂದ್ರದ ಆಪ್ತ ಸಮಾಲೋಚಕರು. ಇಪ್ಪತ್ತೆರಡು ವರ್ಷಗಳಲ್ಲಿ ಹಾಗೆ ಕರೆದ ಒಬ್ಬರನ್ನೂ ತಿದ್ದಿದವರಲ್ಲ. ಎರಡೆರಡು ದಿನದ ತರಬೇತಿಗಳ ಪ್ರಮಾಣಪತ್ರಗಳಿಗೆಲ್ಲ ಚೌಕಟ್ಟು ಹಾಕಿಸಿ ಗೋಡೆ ತುಂಬಿಸಿದ್ದಾರೆ, ಅದರಲ್ಲೊಂದು ಜೇನುಸಾಕಣೆಯದು. ಬಂದವರು ಅಳತೊಡಗಿದರೆ ತಮ್ಮ ಬೆನ್ನುನೋವಿನ ಕಥೆ ತೆಗೆಯುತ್ತಾರೆ.

“ನಮ್ಮ ನೋವೂ ಹೇಳ್ಕೊಂಡ್ರೆ ಅವರಿಗೆ ನಂಬಿಕೆ ಬರುತ್ತೆ ಕಣಮ್ಮ,” ಎಂದು ನನಗೆ ಪಾಠ ಬೇರೆ. ನಾನು ಪ್ಲಮ್ ತೋಟದ ಹಳ್ಳಿಯವಳು, ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಪಡೆದವಳು. ಅದೇ ಕೋಣೆಯಲ್ಲಿ, ಕಪಾಟಿನ ಆಚೆ, ಹೊಸ ಸಮಾಲೋಚಕಿಯಾದ ನನ್ನ ಮೇಜು.

ಕಳೆದ ವರ್ಷ ಬ್ರೆಡ್ ಅಂಗಡಿಯ ಯಾಗೋದಾ ತಿಹೋಮಿರ್ ಬಳಿ ಬರುತ್ತಿದ್ದಳು. ಬಾಣಂತಿ. ಮಗುವನ್ನು ಎತ್ತಿಕೊಂಡರೆ ಬೀಳಿಸಿಬಿಡುತ್ತೇನೆಂಬ ಭಯ ಅವಳಿಗೆ. ಗಂಡನಿಗೂ ಹೇಳಿರಲಿಲ್ಲ.

“ಅತ್ತೆಗೆ ಗೊತ್ತಾದ್ರೆ ಮಗೂನ ಇಟ್ಕೊಂಡು ನನ್ನ ಆಚೆ ಹಾಕ್ತಾರೆ, ಡಾಕ್ಟ್ರೇ.”

“ಇಲ್ಲಿ ಹೇಳಿದ್ದು ಸಮಾಧಿ ಸೇರಿದ ಹಾಗೆ ಅಂದ್ಕೋ.”

ಡಿಸೆಂಬರ್‌ನಲ್ಲಿ ಅವಳ ಗಂಡನ ಮನೆಯ ಸ್ಲಾವ ಬಂತು, ಅವರ ಕುಲದ ಸಂತ ನಿಕೋಲನ ಹಬ್ಬ. ಸ್ಲಾವಕ್ಕೆ ಯಾರನ್ನೂ ಕರೆಯುವುದಿಲ್ಲ. ಬೇಕಾದವರು ತಾವೇ ಹೋಗಬೇಕು, ಹೋಗದಿದ್ದರೆ ಮುನಿಸು.

“ನೀವು ಹೋಗಬೇಡಿ ಸರ್. ಅವಳು ನಮ್ಮಲ್ಲಿಗೆ ಬರ್ತಿರೋಳು,” ಎಂದೆ.

“ಅವಳ ಮಾವನೂ ನಾನೂ ಸೈನ್ಯದಲ್ಲಿ ಒಟ್ಟಿಗೆ ಇದ್ದೋರು. ಹೋಗ್ದೆ ಇದ್ರೆ ಮುಖ ಹೇಗೆ ತೋರ್ಸಲಿ? ನಿನ್ನ ಕಾಲೇಜಲ್ಲಿ ಇದನ್ನೆಲ್ಲ ಹೇಳ್ಕೊಡಲ್ಲ ಬಿಡು.”

ಆ ಮನೆಯ ಹುರಿದ ಕಾರ್ಪ್ ಮೀನಿನ ಮೇಲೂ ಅವರಿಗೆ ಆಸೆಯಿತ್ತು. ಬಾಯಿ ಜಾರಿದರೆ ತಡೆಯೋಣವೆಂದು ನಾನೂ ಹೋದೆ.

ಮೂರನೇ ಗ್ಲಾಸ್ ರಾಕಿಯಾ ಸಾರಾಯಿ ಒಳಗಿಳಿದದ್ದೇ ತಿಹೋಮಿರ್ ನಾಲ್ಕನೆಯದನ್ನು ಮೇಲೆತ್ತಿ ಹಿಡಿದು ಎದ್ದು ನಿಂತರು. “ಇದು ನಮ್ಮ ಯಾಗೋದಾಗೆ!”

ಮೇಜಿನ ಕೆಳಗೆ ಅವರ ಕಾಲಿಗೆ ಒದ್ದೆ. ಕಾಲು ಸರಿಸಿಕೊಂಡರು.

“ಮೂರು ತಿಂಗಳ ಹಿಂದೆ ಈ ಹುಡುಗಿ ಹೆತ್ತ ಮಗೂನ ಮುಟ್ಟೋಕೇ ಹೆದರ್ತಿದ್ಲು. ಬೀಳಿಸಿ ಸಾಯಿಸಿಬಿಡ್ತೀನಿ ಅಂತ ನನ್ನ ಮುಂದೆ ಅತ್ತಿದ್ದೇ ಅತ್ತಿದ್ದು. ಈಗ ನೋಡಿ!”

ಅತ್ತೆ ಮಿಲುಂಕಾ ಎದ್ದು ಬಂದು ಸೊಸೆಯ ತೊಡೆಯಿಂದ ಮಗುವನ್ನು ಎತ್ತಿಕೊಂಡಳು. “ಇನ್ಮೇಲೆ ಇದು ನನ್ನ ಹತ್ರಾನೇ ಮಲಗುತ್ತೆ.”

ಗಂಡ ಮೀನಿನ ಮುಳ್ಳು ನೋಡುತ್ತ ಕೂತ. ಯಾಗೋದಾ ಎದ್ದಳು. ಅತ್ತೆಯ ತೋಳಿಂದ ಮಗುವನ್ನು ಬಿಡಿಸಿಕೊಂಡು ಕೋಟಿನೊಳಗೆ ಸುತ್ತಿ, ಮೂರು ಬೀದಿ ಆಚೆಯ ಅಕ್ಕನ ಮನೆಗೆ ಹೊರಟೇಬಿಟ್ಟಳು.

“ಎಷ್ಟು ಗಟ್ಟಿಯಾಗಿ ಎತ್ಕೊಂಡ್ಲು, ನೋಡಿದ್ರಾ?” ಎಂದು ತಿಹೋಮಿರ್ ಇನ್ನಷ್ಟು ಬೀನ್ಸ್ ಬಡಿಸಿಕೊಂಡರು.

ಸೋಮವಾರ ಅವಳ ಕಡತದಲ್ಲಿ ಬರೆದರು: “ಮಗುವನ್ನು ನಿರ್ಭಯವಾಗಿ ಎತ್ತಿಕೊಂಡಿದ್ದಾರೆ. ಗುರಿ ಸಾಧಿಸಲಾಗಿದೆ.” ಅಕ್ಷರ ಮಾತ್ರ ಮುತ್ತಿನಂತಿತ್ತು.

ಆ ಸಂಜೆ ನಾನು ಅವಳ ಅಕ್ಕನ ಮನೆಗೆ ಹೋದೆ. ಯಾಗೋದಾ ಸರಪಳಿ ಬಿಚ್ಚದೆ ಬಾಗಿಲನ್ನು ಒಂದು ಗೇಣು ತೆರೆದಳು. ಮಗು ಹೆಗಲ ಮೇಲೆ ಮಲಗಿತ್ತು.

“ಇನ್ಮೇಲೆ ನನ್ನ ಹತ್ರ ಬನ್ನಿ. ನಾನು ಅವರ ಥರ ಅಲ್ಲ,” ಎಂದೆ.

“ಅತ್ತೆ ಮಗೂನ ಕಿತ್ಕೊಂಡಾಗ ನೀವೂ ಅಲ್ಲೇ ಕೂತಿದ್ರಿ,” ಎಂದು ಬಾಗಿಲು ಹಾಕಿಕೊಂಡಳು.