ಹೆಲ್ಮೆಟ್ಟಿನ ಮೇಲೆ ಕುಳಿತ ಪರ್ವೀನ್

ಮೈಥಿಲಿ ಪರ್ವೀನರನ್ನು ಮೊದಲು ಕಂಡದ್ದು ಆಗಸ್ಟ್ ತಿಂಗಳ ಸುಡುಬಿಸಿಲಿನ ಒಂದು ಮಧ್ಯಾಹ್ನ, ಕಾಲೇಜಿನ ಫುಟ್‌ಬಾಲ್ ಮೈದಾನದ ತಂತಿಬೇಲಿಯ ಪಕ್ಕದಲ್ಲಿ. ಇದು ಕಾಲಲ್ಲಿ ಒದೆಯುವ ಫುಟ್‌ಬಾಲಲ್ಲ. ಹೆಲ್ಮೆಟ್ ಹಾಕಿಕೊಂಡು ಗೂಳಿಗಳ ಹಾಗೆ ಡಿಕ್ಕಿ ಹೊಡೆಯುವ ಅಮೆರಿಕದ ಫುಟ್‌ಬಾಲು. ಮಗ ತರುಣ್ ಆ ವರ್ಷವಷ್ಟೇ ತಂಡ ಸೇರಿದ್ದ. ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್ ಊರಿನ ಮನೆಯಿಂದ ಅವನನ್ನು ಬಿಡಲು ಬಂದ ಮೈಥಿಲಿ, ಕೋಚ್ ಬ್ರೆನನ್ನರ ಕೈಗೆ ಕೋಡುಬಳೆಯ ಡಬ್ಬಿ ಕೊಟ್ಟು, ಮೈಸೂರಿನಲ್ಲಿ ತಮ್ಮ ತಂದೆ ಶಾಲೆಯ ಮೇಷ್ಟ್ರಿಗೆ ಹೇಳುತ್ತಿದ್ದ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿದರು: "ಸರ್, ಕಣ್ಣೆರಡು ಬಿಟ್ಟು ಚರ್ಮ ಸುಲಿದ್ರೂ ನಾನು ಕೇಳಲ್ಲ. ಹುಡುಗ ಉದ್ಧಾರ ಆದ್ರೆ ಸಾಕು."

ಕೋಚ್ ಒಂದು ಕ್ಷಣ ಬೆಚ್ಚಿದರು. ಆಮೇಲೆ ಬಹಳ ಸಂತೋಷಪಟ್ಟರು.

ಹಿಂದಿನಿಂದ ಯಾರೋ ಗೊಳ್ಳನೆ ನಕ್ಕರು. ತಿರುಗಿದರೆ, ತಲೆಗೆ ಬಿಳಿ ಸ್ಕಾರ್ಫು, ಸೊಂಟಕ್ಕೆ ಬ್ಯಾಂಡೇಜಿನ ಚೀಲ ಕಟ್ಟಿಕೊಂಡ ನಲವತ್ತರ ಹೆಂಗಸು, ಎರಡೂ ಕೈಯಲ್ಲಿ ನೀರಿನ ಕ್ಯಾನು.

"ಏನ್ರೀ ಅಕ್ಕಾರ, ಯಾರ ಮುಂದ ಏನ್ ಹೇಳಾಕತ್ತೀರಿ? ಈ ಮನಷ್ಯಾ ಖರೇನ ಸುಲೀತಾನ್ರಿ!"

"ಅಯ್ಯೋ, ನೀವು ಕನ್ನಡದೋರಾ?"

"ಗದಗಿನಾಕಿ ರೀ, ಪರ್ವೀನ್. ಹುಡುಗರಿಗೆ ಪೆಟ್ಟಾದ್ರ ನೋಡಾಕಿ. ಟ್ರೈನರ್ ಅಂತಾರ."

ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಓದಿದ್ದ ಪರ್ವೀನ್, ಇಲ್ಲಿ ಮತ್ತೆ ಪರೀಕ್ಷೆ ಬರೆದು ಈ ಕೆಲಸ ಹಿಡಿದವರು. ಅಭ್ಯಾಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹುಡುಗರನ್ನೆಲ್ಲ ತೂಕ ಮಾಡುವರು. ಬೆವರಿ ತೂಕ ಇಳಿದವನಿಗೆ ನೀರು ಕುಡಿಸದೆ ಬಿಡರು. ಕೋಚ್ ಶಿಕ್ಷೆಯೆಂದು ನೀರಿನ ಪೀಪಾಯಿ ಒದ್ದು ಉರುಳಿಸುವರು, ಪರ್ವೀನ್ ತುಂಬಿಸುವರು. ಒಂದು ದಿನ ಮೂರು ಸಲ ಉರುಳಿತು, ನಾಲ್ಕು ಸಲ ತುಂಬಿತು. ಇದೆಲ್ಲ ಕಂಡರೂ ಮೈಥಿಲಿಗೆ, ಗುರುಗಳ ಬೈಗುಳವೂ ಪಾಠವೇ ಎಂಬ ನಂಬಿಕೆ.

ಎರಡನೆಯ ಶನಿವಾರ ತಂಡ ಎರಡಾಗಿ ತಮ್ಮತಮ್ಮಲ್ಲೇ ಆಡಿತು. ಅಂದು ಮಿಂಚಿದವನಿಗೆ ಮೊದಲ ಪಂದ್ಯದಲ್ಲಿ ಜಾಗ. ತರುಣ್ ಡಿಕ್ಕಿ ಹೊಡೆದು ಬಿದ್ದ, ಎದ್ದ, ಮೈ ಕೊಡವಿದ, ನೇರ ಹೋಗಿ ಎದುರಾಳಿಗಳ ಸಾಲಿನಲ್ಲಿ ನಿಂತ. ಹುಡುಗರು ನಕ್ಕರು. ಪರ್ವೀನ್ ನಗಲಿಲ್ಲ, ಓಡಿಹೋಗಿ ಬೆಂಚಿಗೆ ಕರೆತಂದರು.

"ಮುಂಜಾನೆ ಏನ್ ತಿಂದಿಯೋ ತಮ್ಮಾ?"

"ಇಡ್ಲಿ, ಐ ಥಿಂಕ್."

ಬೇಲಿಯಾಚೆಯಿಂದ ಮೈಥಿಲಿ ಕೂಗಿದರು: "ಉಪ್ಪಿಟ್ಟು ಕಣೋ! ಮುಖ ಗಂಟು ಹಾಕ್ಕೊಂಡು ತಿಂದ್ಯಲ್ಲೋ!"

ಪರ್ವೀನ್ ಅವನ ಹೆಲ್ಮೆಟ್ ತೆಗೆದುಕೊಂಡರು. ಹೆಲ್ಮೆಟ್ ಇಲ್ಲದೆ ಯಾರೂ ಆಟಕ್ಕಿಳಿಯುವಂತಿಲ್ಲ. ತಲೆಗೆ ಪೆಟ್ಟಾದವನನ್ನು ತಡೆಯಲು ಟ್ರೈನರುಗಳು ಮಾಡುವ ಉಪಾಯ ಅದು. ಕೋಚ್ ಕಸಿಯಲು ಬಂದರು. ಪರ್ವೀನ್ ಅದನ್ನು ಹುಲ್ಲಿನ ಮೇಲಿಟ್ಟು, ಮಣೆಯ ಹಾಗೆ ಅದರ ಮೇಲೆ ಕುಳಿತೇಬಿಟ್ಟರು.

"ಏಳು ಮೇಲೆ! ಚರ್ಮ ಸುಲಿ ಅಂತ ಇವನ ತಾಯಿಯೇ ಹೇಳಿದ್ದಾಳೆ, ಕೇಳು ಬೇಕಾದರೆ!" ಎಂದು ಕೋಚ್ ಇಂಗ್ಲಿಷಿನಲ್ಲಿ ಅಬ್ಬರಿಸಿದರು.

ಇಡೀ ಮೈದಾನ ಮೈಥಿಲಿಯತ್ತ ತಿರುಗಿತು.

"ಅಮ್ಮಾ, ಐ ಆಮ್ ಫೈನ್, ಪ್ಲೀಸ್!" ತರುಣ್ ಅಳುವ ಹಾಗಿದ್ದ. ಮೇಷ್ಟ್ರಿಗೆ ಎದುರಾಡಿ ಅಭ್ಯಾಸವಿಲ್ಲದ ಮೈಥಿಲಿ ಗೇಟಿನ ಚಿಲಕಕ್ಕೆ ಕೈ ಹಾಕಿ ಅಲ್ಲೇ ನಿಂತರು.

"ಅಕ್ಕಾರ, ಲಗೂ ಹೇಳ್ರಿ," ಎಂದರು ಪರ್ವೀನ್ ಕುಳಿತಲ್ಲಿಂದಲೇ. "ಇದೇನ್ ಕುರ್ಚಿ ಅಲ್ರೀ, ಒತ್ತಾಕತ್ತೈತಿ!"

ಮೈಥಿಲಿ ಗೇಟು ತೆರೆದು ಒಳಗೆ ಬಂದರು. "ಸರ್, ನಾನು ಹಾಗೆ ಅಂದಿದ್ದು ತಪ್ಪು. ಆ ಮಾತು ವಾಪಸ್ ತಗೊಂಡೆ. ನನ್ನ ಮಗ ಆಡಲ್ಲ."

ಮಿದುಳಿಗೆ ಪೆಟ್ಟಾಗಿದೆಯೆಂದು ಡಾಕ್ಟರು ಮೂರು ವಾರ ವಿಶ್ರಾಂತಿ ಹೇಳಿದರು. ತರುಣನ ಜಾಗ ಇನ್ನೊಬ್ಬನಿಗೆ ಹೋಯಿತು. ಅವನು ನಾಲ್ಕು ದಿನ ಅಮ್ಮನ ಜೊತೆ ಮಾತು ಬಿಟ್ಟ. ಪರ್ವೀನ್ ತಮ್ಮ ಮಾತು ಕೇಳುವುದಿಲ್ಲವೆಂದು ಕೋಚ್ ಕಾಲೇಜಿಗೆ ದೂರು ಕೊಟ್ಟರು. ಮೈಥಿಲಿ ಕಂಡದ್ದನ್ನೆಲ್ಲ, ತಾವಾಡಿದ ಮಾತನ್ನೂ ಮುಚ್ಚಿಡದೆ, ಕಾಲೇಜಿಗೆ ಬರೆದರು. ತಂಡದ ಹುಡುಗರ ತಾಯಂದಿರು ಹನ್ನೊಂದು ಮಂದಿ ಅದಕ್ಕೆ ಸಹಿ ಹಾಕಿದರು. ವಿಚಾರಣೆ ನಡೆದು, ಸೀಸನ್ ಮುಗಿಯುವ ಮೊದಲೇ ಕೋಚ್ ಕೆಲಸ ಬಿಟ್ಟರು.

ಪರ್ವೀನ್ ಈಗಲೂ ಅದೇ ಕಾಲೇಜಿನಲ್ಲಿ ಟ್ರೈನರ್. ಪೆಟ್ಟಾದವನು ಮತ್ತೆ ಯಾವಾಗ ಆಡಬಹುದೆಂದು ಈಗ ಅವರೂ ಕಾಲೇಜಿನ ಡಾಕ್ಟರೂ ನಿರ್ಧರಿಸುತ್ತಾರೆ, ಕೋಚನ್ನು ಕೇಳಬೇಕಾಗಿಲ್ಲ.