ಬಾಯಿ ಮುಚ್ಚಲು ಕಲಿಸಿದ ಕಂಪ್ಯೂಟರ್

ಪುತ್ತೂರಿನಲ್ಲಿ ನಾನು ಕೆಲಸ ಮಾಡುವ ಪ್ರೆಸ್ಸಿಗೆ ಬರುವುದು ಹೆಚ್ಚಾಗಿ ಆಮಂತ್ರಣ ಪತ್ರಿಕೆಗಳೇ. ಮದುವೆ, ನಿಕಾಹ್, ಮನೆ ಒಕ್ಕಲು, ದೈವದ ನೇಮ. ಅಕ್ಷರ ಜೋಡಿಸುವುದೂ ನಾನೇ, ಪ್ರೂಫ್ ನೋಡುವುದೂ ನಾನೇ. ಅಕ್ಷರದಿಂದಲೇ ಹೊಟ್ಟೆ ತುಂಬಿಸಿಕೊಳ್ಳುವವಳ ಕಣ್ಣಿಗೇ ಕಾಯಿಲೆ ಬಂತು. ಅದಕ್ಕೆ ಬೇರೆ ಜಾಗ ಸಿಗಲಿಲ್ಲವೇ? ಮೊಣಕಾಲಿಗೆ ಬಂದಿದ್ದರೆ ಕುಳಿತುಕೊಂಡೇ ಬದುಕುತ್ತಿದ್ದೆ.

ಮೊದಲು ಕೈಬಿಟ್ಟದ್ದು ಮುಸ್ಸಂಜೆ. ನನ್ನೂರು ಕೊಯಿಲದಲ್ಲಿ ಬಸ್ಸಿಳಿದರೆ ಬೇರೆಯವರೆಲ್ಲ ಸರಸರ ನಡೆದುಹೋಗುತ್ತಿದ್ದರು, ನಾನು ಚಪ್ಪಲಿಯ ತುದಿಯಲ್ಲಿ ದಾರಿ ಹುಡುಕುತ್ತಿದ್ದೆ. ಪುತ್ತೂರಿನಲ್ಲಿ ತೋರಿಸಿದರೆ ಗುರುತಿನವರು ಯಾರಾದರೂ ನೋಡಿಬಿಟ್ಟಾರು ಎಂದು ಸುಳ್ಯಕ್ಕೆ ಹೋದೆ. ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಬರುವ ಕಾಯಿಲೆ ಇದು, ನಿಲ್ಲಿಸುವ ಮದ್ದು ಸದ್ಯಕ್ಕೆ ತಮ್ಮಲ್ಲಿಲ್ಲ ಎಂದರು ಡಾಕ್ಟರು.

"ಪೂರ್ತಿ ಹೋಗ್ಲಿಕ್ಕೆ ಎಷ್ಟು ಸಮಯ ಉಂಟು?" ಎಂದು ಕೇಳಿದೆ.

"ಅದು ಒಬ್ಬೊಬ್ಬರಿಗೆ ಒಂದೊಂದು ಥರ," ಎಂದರು.

ಹೆತ್ತ ಉಮ್ಮನಿಗೆ ಮಾತ್ರ ಹೇಳಿದೆ. ಪ್ರೆಸ್ಸಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಕಣ್ಣಿಲ್ಲದವಳ ಕೈಗೆ ಯಾರು ತಮ್ಮ ಮಗಳ ಮದುವೆ ಕಾಗದ ಕೊಡುತ್ತಾರೆ? ಕೆಲಸ ಹೋದರೆ ನಾನೂ ಉಮ್ಮನೂ ಯಾರ ಬಾಗಿಲಿಗೆ ಹೋಗುವುದು? ಈ ಎರಡು ಪ್ರಶ್ನೆ ಇಟ್ಟುಕೊಂಡು ನಾನು ಪ್ರೆಸ್ಸಿಗೂ ಮನೆಗೂ ಹೊತ್ತು ತಿರುಗುವ ನನ್ನ ಲ್ಯಾಪ್‌ಟಾಪಿನ ಮುಂದೆ ಕುಳಿತೆ.

ಹೀಗಿದ್ದರೆ ಹೀಗೆ ಮಾಡು ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಡುವ ಒಂದು ಸಾಫ್ಟ್‌ವೇರ್ ಸಿಕ್ಕಿತು. ಅದರಲ್ಲಿ ಮೂರು ನಿಯಮ ಮಾಡಿದೆ, ಮೂರಕ್ಕೂ ಹೆಸರಿಟ್ಟೆ. ಮೊದಲನೆಯದು 'ಪ್ರೆಸ್'. ಪ್ರೆಸ್ಸಿನ ವೈಫೈ ಸಿಕ್ಕಿದರೆ ಪರದೆಯ ಅಕ್ಷರ ಎಲ್ಲರ ಕಂಪ್ಯೂಟರಿನ ಹಾಗೆ ಸಣ್ಣದಾಗಿರಬೇಕು, ಬರೆದದ್ದನ್ನು ನನ್ನ ಹೆಡ್‌ಫೋನಿನಲ್ಲಿ ಮಾತ್ರ ಓದಿ ಹೇಳಬೇಕು. ಎರಡನೆಯದು 'ಮನೆ'. ಆ ವೈಫೈ ಸಿಗದಿದ್ದರೆ ನಾವು ಮನೆಯಲ್ಲಿದ್ದೇವೆ ಎಂದು ತಿಳಿದು ಅಕ್ಷರ ಹಲಸಿನಕಾಯಿಯಷ್ಟು ದೊಡ್ಡದಾಗಬೇಕು, ಹೆಡ್‌ಫೋನ್ ಬಿಟ್ಟು ಸ್ಪೀಕರಿನಲ್ಲಿ ಗಟ್ಟಿಯಾಗಿ ಓದಬೇಕು. ಕಿವಿ ಮುಚ್ಚಿಕೊಂಡರೆ ಉಮ್ಮ ಕರೆದದ್ದು ಕೇಳುವುದಿಲ್ಲ, ಅದಕ್ಕೆ. ಮೂರನೆಯದು 'ಸಂಜೆ'. ಆರೂವರೆಯಾದರೆ ಎಲ್ಲಿದ್ದರೂ ಸರಿ, ಪರದೆ ಕಪ್ಪಾಗಿ ಅಕ್ಷರ ಬಿಳಿಯಾಗಬೇಕು. ಆ ಹೊತ್ತಿಗೆ ಬಿಳಿ ಪರದೆ ಕಣ್ಣು ಕುಕ್ಕುತ್ತದೆ, ಅದಕ್ಕೆ. ನಿಯಮ ಬದಲಾದಾಗಲೆಲ್ಲ ಅದರ ಹೆಸರನ್ನು ಯಂತ್ರವೇ ಹೇಳುತ್ತಿತ್ತು.

ಪ್ರೆಸ್ಸಿನ ಯಜಮಾನರನ್ನು ನಾವೆಲ್ಲ ಅಣ್ಣ ಎನ್ನುವುದು. "ಇಡೀ ದಿನ ಯಾವ ಹಾಡು ಕೇಳುದು ಮಾರಾಯ್ತಿ ನೀನು?" ಎಂದು ಅವರು ತಮಾಷೆ ಮಾಡಿದರೆ ನಾನೂ ನಗುತ್ತಿದ್ದೆ. ಕಿವಿಯೊಳಗೆ ಆ ಹೊತ್ತಿಗೆ ಯಾರದೋ ಮನೆಯ ವಧೂವರರ ಹೆಸರು, ಮುಹೂರ್ತ, ಸಭಾಭವನದ ವಿಳಾಸ ಓಡುತ್ತಿರುತ್ತಿದ್ದವು. ಕಿವಿಯಿಂದಲೇ ತಪ್ಪು ಹಿಡಿಯುತ್ತಿದ್ದೆ.

ಆ ದಿನ ಮಧ್ಯಾಹ್ನದಿಂದಲೇ ಗುಡುಗು. ಕರೆಂಟು ಹೋದದ್ದು ಬರಲೇ ಇಲ್ಲ. ಈಶ್ವರಮಂಗಲದಿಂದ ಒಬ್ಬ ಹೆಂಗಸು ಮಗಳ ಮದುವೆ ಕಾಗದದ ಪ್ರೂಫ್ ನೋಡಲು ಬಂದು ನನ್ನ ಪಕ್ಕದಲ್ಲೇ ಕುಳಿತಿದ್ದರು. ಅಣ್ಣ ಚಹಾ ತರಿಸಿದ್ದರು. ಅಷ್ಟು ಹೊತ್ತು ಎಲ್ಲವನ್ನೂ ನಡೆಸಿದ್ದ ಇನ್ವರ್ಟರ್ ಒಮ್ಮೆ ಕೀರಲು ದನಿ ಮಾಡಿ ಸತ್ತುಹೋಯಿತು. ಲೈಟು ಹೋಯಿತು, ವೈಫೈಯೂ ಹೋಯಿತು. ಬ್ಯಾಟರಿಯಿದ್ದ ನನ್ನ ಲ್ಯಾಪ್‌ಟಾಪ್ ಮಾತ್ರ ಉಳಿಯಿತು, ಅದು ಮನೆ ಸೇರಿದೆ ಎಂದುಕೊಂಡಿತು.

"ಮನೆ!" ಎಂದು ಕೂಗಿತು.

ಆಮೇಲೆ ಇಡೀ ಪ್ರೆಸ್ಸಿಗೆ ಕೇಳುವ ಹಾಗೆ ಓದತೊಡಗಿತು. ನಮ್ಮ ಹಿರಿಯ ಮಗಳ ವಿವಾಹವನ್ನು ಗುರುಹಿರಿಯರು ನಿಶ್ಚಯಿಸಿರುವಂತೆ... ಪರದೆಯಲ್ಲಿ ಒಂದೊಂದೇ ಪದ ತುಂಬಿ ನಿಂತಿತು. "ಅಯ್ಯೋ, ಇದೆಂತ! ಇಷ್ಟು ದೊಡ್ಡ ಅಕ್ಷರ ಯಾರಿಗೆ?" ಎಂದು ಆ ಹೆಂಗಸು ನಕ್ಕರು. ನಿಲ್ಲಿಸುವ ಕೀಲಿ ನನ್ನ ಬೆರಳಿಗೆ ಗೊತ್ತಿತ್ತು, ಆದರೆ ಗಾಬರಿಯಲ್ಲಿ ಬೆರಳೂ ದಾರಿ ತಪ್ಪಿತು. ಕೈ ಹಾಯಿಸಿದ ಕಡೆಯೆಲ್ಲ ಕತ್ತಲು. ಚಹಾದ ಗ್ಲಾಸಿಗೆ ಕೈ ತಾಗಿ ಅದು ನೆಲಕ್ಕೆ ಬಿದ್ದು ಒಡೆಯಿತು.

ಅಣ್ಣ ಮೊಬೈಲಿನ ಟಾರ್ಚ್ ಹಾಕಿದರು. "ಕಣ್ಣೆದುರೇ ಇತ್ತಲ್ಲ ಮಾರಾಯ್ತಿ ಗ್ಲಾಸು!" ಎಂದವರು ಅಲ್ಲಿಗೇ ನಿಲ್ಲಿಸಿದರು. ಅವರು ಟಾರ್ಚಿನ ಬೆಳಕನ್ನು ಆಗಲೂ ಮೇಜಿನ ಮೇಲೆ ತಡಕಾಡುತ್ತಲೇ ಇದ್ದ ನನ್ನ ಕೈಗೇ ಹಿಡಿದಿದ್ದರು. ಯಂತ್ರ ಸಭಾಭವನದ ವಿಳಾಸ ಓದುತ್ತಲೇ ಇತ್ತು. ನನಗೆ ಅಲ್ಲೇ ಸತ್ತುಹೋಗಬೇಕು ಅನಿಸಿತು.

ಸ್ವಲ್ಪ ಹೊತ್ತಿನಲ್ಲಿ ಕರೆಂಟು ಬಂತು. ವೈಫೈ ಬಂದ ಕೂಡಲೇ ಅಕ್ಷರ ಸಣ್ಣದಾಯಿತು, ದನಿ ಹೆಡ್‌ಫೋನಿನೊಳಗೆ ಸೇರಿಕೊಂಡಿತು. ನಾನು ಕಲಿಸಿದ ಸುಳ್ಳನ್ನು ಅದು ಒಂದಕ್ಷರ ಬಿಡದೆ ಪಾಲಿಸಿತು. ಆದರೆ ನೋಡಬಾರದ್ದನ್ನು ಅಣ್ಣ ನೋಡಿಯಾಗಿತ್ತು.

ಈಶ್ವರಮಂಗಲದವರು ಹೊರಟ ಮೇಲೆ ಅಣ್ಣ ಕುರ್ಚಿ ಎಳೆದು ನನ್ನ ಎದುರು ಕುಳಿತರು. "ಎಷ್ಟು ಸಮಯ ಆಯ್ತು ಇದು?"

"ಎಂತದು ಅಣ್ಣ?"

"ನಾಟಕ ಬೇಡ. ಇಷ್ಟು ದಿನ ಪ್ರೂಫ್ ನೋಡಿದ್ದು ಯಾರು?"

"ಅದು ಓದುದು, ನಾನು ಕೇಳುದು," ಎಂದೆ. ಆಮೇಲೆ ಅತ್ತೆ. ಅಳಬಾರದು ಅಂದುಕೊಂಡಿದ್ದೆ, ಆಗಲಿಲ್ಲ. "ಒಂದು ತಪ್ಪೂ ಹೋಗ್ಲಿಲ್ಲ ಅಣ್ಣ. ನೀವೇ ಬೇಕಾದ್ರೆ ತೆಗೆದು ನೋಡಿ. ನನ್ನನ್ನು ಬಿಡಿಸ್ಬೇಡಿ."

ಅವರು ನನ್ನ ಹೆಡ್‌ಫೋನನ್ನು ತೆಗೆದು ಮೇಜಿನ ಬದಿಗಿಟ್ಟರು. "ನಾಳೆಯಿಂದ ಗಟ್ಟಿಯಾಗಿಯೇ ಓದ್ಲಿ ಅದು. ನಾನೂ ಕೇಳ್ತೇನೆ, ಇಬ್ಬರು ಕೇಳಿದ್ರೆ ಒಳ್ಳೆದೇ. ಸಂಜೆ ಬೆಳಕಿರುವಾಗಲೇ ಹೊರಡು. ಎಷ್ಟು ಸಮಯ ಆಗ್ತದೋ ಅಷ್ಟು ಸಮಯ ಮಾಡು," ಎಂದರು. ಕೊನೆಯ ಆ ಮಾತನ್ನು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬಸ್ಸಿನಲ್ಲಿ ಉಪ್ಪಿನಂಗಡಿ ದಾಟುವವರೆಗೂ ನನ್ನ ತಲೆಯಲ್ಲಿ ಅದೊಂದೇ ತಿರುಗುತ್ತಿತ್ತು.

'ಪ್ರೆಸ್', 'ಮನೆ' ಎರಡನ್ನೂ ಆ ರಾತ್ರಿಯೇ ಅಳಿಸಿ, ಎಲ್ಲಿದ್ದರೂ ದೊಡ್ಡ ಅಕ್ಷರ, ಗಟ್ಟಿ ದನಿ ಎಂದಿಟ್ಟೆ. ಅವು ಜನರಿಂದ ಅಡಗಿಕೊಳ್ಳಲು ಮಾಡಿದ ನಿಯಮಗಳು, ಇನ್ನು ಯಾರಿಂದ ಅಡಗುವುದು? ಉಳಿದದ್ದು 'ಸಂಜೆ'. ಅದರಿಂದ ಅಡಗಲು ನನಗೆ ದಾರಿಯಿಲ್ಲ. ಆರೂವರೆಗೆ ಇಟ್ಟದ್ದನ್ನು ಐದಕ್ಕೆ ತಂದೆ. ಮಳೆಗಾಲ ಮುಗಿಯುವಾಗ ಮೂರಕ್ಕೆ ತಂದೆ. ಪರದೆಯ ಬೆಳಕೇ ಕಣ್ಣಿಗೆ ಆಗುವುದಿಲ್ಲ ಈಗ.

ಕಳೆದ ವಾರ ಪ್ರೆಸ್ಸಿಗೆ ಬಂದು ಕುಳಿತವಳಿಗೆ ಬಿಳಿ ಪರದೆಯಲ್ಲಿ ಒಂದು ಸಾಲೂ ಸಿಗಲಿಲ್ಲ. ಕಣ್ಣುಜ್ಜಿದೆ, ಮುಖ ತೊಳೆದು ಬಂದೆ, ಪುನಃ ನೋಡಿದೆ. ಆಮೇಲೆ ಆ ನಿಯಮ ತೆರೆದು ಗಂಟೆಯ ಜಾಗದಲ್ಲಿ ಬೆಳಗಿನ ಒಂಬತ್ತು ಎಂದು ಹಾಕಿದೆ. ಕಂಪ್ಯೂಟರ್ ಒಂದು ಮಾತೂ ಎದುರಾಡಲಿಲ್ಲ.

"ಸಂಜೆ," ಎಂದು ಗಟ್ಟಿಯಾಗಿ ಹೇಳಿತು.

ಹೊರಗೆ ಚುರುಚುರು ಬಿಸಿಲು. ಆಚೆ ಮೇಜಿನಲ್ಲಿ ಕಾಗದ ಎಣಿಸುತ್ತಿದ್ದ ಅಣ್ಣನ ಕೈ ನಿಂತದ್ದು ನನಗೆ ಕೇಳಿಸಿತು.