ಇಸ್ತ್ರಿ ಅಕ್ಕನ ಬಾಡಿಗೆ ಮನೆ

ಇಸ್ತ್ರಿ ಅಕ್ಕನ ಬಲ ಮುಂಗೈ ತುಂಬ ಸುಟ್ಟ ಗೆರೆಗಳಿದ್ದವು. ಹಳೆಯವು ಬೆಳ್ಳಗಾಗಿದ್ದವು, ಹೊಸವು ಕೆಂಪಗೆ ಉಬ್ಬಿಕೊಂಡಿರುತ್ತಿದ್ದವು. ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಹಿಂದಿನ ವಠಾರದಲ್ಲಿ ಅವಳದು ನನ್ನ ಪಕ್ಕದ ಮನೆ. ಬಾಗಿಲ ಮುಂದೆ ತಳ್ಳುಗಾಡಿ ನಿಲ್ಲಿಸಿಕೊಂಡು, ಇದ್ದಿಲು ತುಂಬಿದ ಪೆಟ್ಟಿಗೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮಗಳು ಹುಟ್ಟಿದ ವರ್ಷವೇ ಗಂಡ ಬಿಟ್ಟುಹೋಗಿ, ನಾಗಮಂಗಲದಲ್ಲಿ ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದ. ಅವನ ಮಾತೆತ್ತಿದರೆ, "ಅವ್ನ್ ಸುದ್ದಿ ಬುಡು, ಕೆಂಡ ಆರೋಯ್ತದೆ" ಅನ್ನುತ್ತಿದ್ದಳು.

ನನ್ನ ಗಂಡ ತೀರಿಕೊಂಡಾಗ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಕೆ.ಆರ್. ಪೇಟೆಯ ತವರಿಗೆ ಹೊರಟಿದ್ದೆ. ಕೈಯಲ್ಲಿದ್ದ ಬಟ್ಟೆಗಂಟು ಕಿತ್ತುಕೊಂಡವಳು ಅಕ್ಕ.

"ಅಣ್ಣನ ಮನೇಲಿ ಮುಸುರೆ ತಿಕ್ಕಕ್ಕೆ ಓಯ್ತೀಯೇನ್ಮೀ? ಒಬ್ಬೊಬ್ರೇ ಮಕ್ಕಳ ಸಾಕೋರ್ಗೆ ನಮ್ಮೂರ ಸೇವಾ ಸಂಘದೋರು ಮನೆ ಬಾಡಿಗೆಗೆ ದುಡ್ಡು ಕೊಡ್ತಾರಂತೆ. ಬಾ, ಇಬ್ರೂ ಕೇಳನ."

ಸಂಘದ ಅಧ್ಯಕ್ಷರು ನನ್ನ ಬರಿ ಹಣೆ ನೋಡಿ ಆಗಲೇ ಒಪ್ಪಿದರು. ಅಕ್ಕನ ಕುಂಕುಮ ನೋಡಿ ನಕ್ಕರು.

"ಗಂಡ ಬದುಕವ್ನಲ್ಲವ್ವ. ಅವನ್ನೇ ಕೇಳೋಗು."

"ಅವ್ನು ಈ ಕಡೀಕೆ ತಲೆ ಆಕಿ ಮನಗಕಿಲ್ಲ ಸ್ವಾಮಿ. ಮಗೀನ ಸಾಕ್ತಿರೋಳು ನಾನೊಬ್ಳೇ."

"ಸತ್ತವ್ನೆ ಅಂತ ಕಾಗದ ತತ್ತಾ, ಕೊಡನ."

"ಬದುಕಿರೋನ್ನ ಎಂಗೆ ಸಾಯಿಸ್ಲಿ, ನೀವೇ ಯೋಳಿ" ಅಂದಳು. ಸುತ್ತ ಕೂತವರು ಗೊಳ್ಳೆಂದರು. ಹೊರಗೆ ಬಂದ ಮೇಲೆ ಅಕ್ಕ ನನ್ನ ಕೈ ಹಿಡಿದು, "ನಿಂಗಾರ ಆಯ್ತಲ್ಲ ಬುಡು" ಅಂದಳು.

ಆ ಬೇಸಿಗೆಯಲ್ಲಿ ಮಾಲೀಕರು ಬಾಡಿಗೆ ಏರಿಸಿದರು. ಸಂಘದ ನೆರವಿನಿಂದ ನಾನು ಉಳಿದೆ. ಅಕ್ಕ ಮಗಳನ್ನು ಕರೆದುಕೊಂಡು ಹೆದ್ದಾರಿಯಾಚೆಯ ತಗಡಿನ ಕೋಣೆಗೆ ಹೋದಳು. ಗಿರಾಕಿಗಳೆಲ್ಲ ಈಚೆಗಿದ್ದರು. ಹಾಗಾಗಿ ದಿನಾ ಗಾಡಿ ತಳ್ಳಿಕೊಂಡು ಹೆದ್ದಾರಿ ದಾಟಬೇಕಿತ್ತು. ಒಂದು ಬೆಳಗ್ಗೆ ಲಾರಿ ಗುದ್ದಿತು. ಸುದ್ದಿ ಕೇಳಿ ನಾನು ಓಡಿಹೋದಾಗ, ಜನ ರಸ್ತೆಯಲ್ಲಿ ಚೆಲ್ಲಿದ್ದ ಬಟ್ಟೆಗಳಲ್ಲಿ ತಮ್ಮವು ಯಾವುವೆಂದು ಹುಡುಕುತ್ತಿದ್ದರು.

ಅಕ್ಕನ ಮಣ್ಣಿಗೆ ಅವಳ ಗಂಡ ಬಂದ. ಮುಂದೆ ನಿಂತು ಎಲ್ಲ ಕಾರ್ಯ ಮಾಡಿದ. ಮಗಳಿಗೆ ಅವನ ಗುರುತೇ ಇರಲಿಲ್ಲ. "ತಾಯಿಲ್ಲದ ಮಗೀನ ಒಬ್ನೇ ಎಂಗ್ ಸಾಕ್ಲಿ" ಎಂದು ಅವನು ಅತ್ತಾಗ ಅಧ್ಯಕ್ಷರೂ ಕಣ್ಣೊರೆಸಿಕೊಂಡರು. ಹೆಂಡತಿ ಸತ್ತ ಕಾಗದ ಅವನ ಕೈಲಿತ್ತು. ಬಾಡಿಗೆ ನೆರವು ಮಂಜೂರಾಯಿತು. ನಾಗಮಂಗಲದ ಸಂಸಾರದ ಮಾತನ್ನು ಯಾರೂ ಕೇಳಲಿಲ್ಲ.

ಕೆಲವೇ ವಾರಗಳಲ್ಲಿ ಅವನು ಮಗುವನ್ನು ನನ್ನ ಬಾಗಿಲಲ್ಲಿ ಬಿಟ್ಟು ಹೋದ. ನೆರವು ಈಗಲೂ ಅವನಿಗೇ ಹೋಗುತ್ತಿದೆ. ಸಂಘಕ್ಕೆ ಹೋಗಿ ಕೂಗಾಡಿದೆ. "ನೀನೇನಾಗ್ಬೇಕವ್ವ ಆ ಮಗೀಗೆ?" ಎಂದು ಕೇಳಿ ಕಳುಹಿಸಿದರು.

ಮಗು ನನ್ನ ಮಕ್ಕಳ ನಡುವೆ ಮಲಗುತ್ತದೆ. ಮೊನ್ನೆ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಕೇಳಿತು: "ಚಿಕ್ಕವ್ವ, ನಾನಿಲ್ಲೇ ಇದ್ರೆ ನಿಮ್ಗೆ ಬಾಡಿಗೆ ಜಾಸ್ತಿ ಮಾಡ್ತಾರಾ?"

ಒಂದು ತಲೆ ಹೆಚ್ಚಾಯಿತೆಂದು ಮಾಲೀಕರು ಆಗಲೇ ಮಾಡಿದ್ದರು. ಇಲ್ಲ ಕಣವ್ವ, ಉಣ್ಣು ಅಂದೆ.